ರಾಯರ ಎರಡು ಸಾಯಂಸಂಧ್ಯೆ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಸುಮಾರು 14,000 ಕಿಲೋಮೀಟರ್ ದೂರ. ಹೀಗೆಂದರೆ ಬೆಂಗಳೂರಿನವರಿಗೆ ಏನೂ ಹೊಳೆಯುವುದಿಲ್ಲ. ಮಲ್ಲೇಶ್ವರಕ್ಕೇ ನಾವು ಕಿಲೋಮೀಟರ್ ಲೆಕ್ಕ ಬಿಟ್ಟು ಎಷ್ಟೋ ಕಾಲವಾಯಿತು. ‘ಟ್ರಾಫಿಕ್ ಇಲ್ಲದಿದ್ದರೆ ಮುಕ್ಕಾಲು ಗಂಟೆ’ ಅಷ್ಟೇ. ನೇರ ವಿಮಾನದಲ್ಲಿ 16 ಗಂಟೆ ಎನ್ನಿ, ತಕ್ಷಣ ಅರ್ಥವಾಗುತ್ತದೆ.

ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ಹೊರಟಿದ್ದ ಮೇಲಿನ ಮನೆಯ ರಾಯರಿಗೆ ಮಾತ್ರ ಎರಡೂ ಸಾಲದು. ‘ವಿಮಾನ ಯಾವ ದಿಕ್ಕಿಗೆ ಹೋಗುತ್ತೆ?’ ಎಂದು ಪಟ್ಟು ಹಿಡಿದರು. ಗ್ಲೋಬು ತಂದು ಎರಡೂ ಊರಿಗೆ ದಾರ ಬಿಗಿದೆವು. ಅದು ಅರಬ್ಬಿ ಸಮುದ್ರದ ಕಡೆಗೆ ತಿರುಗಿಯೂ ನೋಡದೆ ಉತ್ತರಕ್ಕೇರಿ, ಟಿಬೆಟ್, ಸೈಬೀರಿಯ, ಅಲಾಸ್ಕಗಳನ್ನು ಸವರಿಕೊಂಡು ಕೆಳಗಿಳಿಯಿತು. ‘ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅಂತಾರೆ. ಇಲ್ಲಿ ವಿಮಾನವೇ ತಲೆ ಹಾಕಿದೆಯಲ್ಲ!’ ಎಂದು ರಾಯರು ಕಂಗಾಲಾದರು.

ದಾರ ಹೋದ ಕಡೆಗೆಲ್ಲ ವಿಮಾನ ಹೋಗುವುದಿಲ್ಲ ಎಂದು ಸಮಾಧಾನ ಹೇಳಿದೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ಟು ಹತ್ತು ಸಾವಿರ ಅಡಿಗೆ ಇಳಿಯಬೇಕು. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಮೇಲಿದೆ. ಅದಕ್ಕೇ ಆ ಕಡೆ ಸುಳಿಯದಿರುವುದೇ ವಾಡಿಕೆ. ಸುತ್ತು ಹಾಕಿದರೂ ನಷ್ಟವಿಲ್ಲ, ಪೆಸಿಫಿಕ್ಕಿನ ಮೇಲೆ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಹಿಂದಿನಿಂದ ನೂಕುತ್ತದೆ. ‘ದೂರದ ದಾರೀಲಿ ಬೇಗ ಹೋಗಬಹುದು ಸಾರ್’ ಎಂದು ಆಟೋದವರು ಹೇಳಿದಾಗ ನಾನು ಎಂದೂ ನಂಬಿದವನಲ್ಲ. ಇಲ್ಲಿ ನಂಬದೆ ವಿಧಿಯಿಲ್ಲ.

ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ನೇರ ಹಾರಾಟ ಶುರು ಮಾಡಿದಾಗ, ಇಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟರೆ ಅಲ್ಲಿ ಅದೇ ದಿನ ಸಂಜೆ ಐದಕ್ಕೆ ಇಳಿಯಬೇಕಿತ್ತು. ‘ಎರಡೂವರೆ ಗಂಟೆಗೆ ಇಷ್ಟು ದುಡ್ಡೇ?’ ಎಂದರು ರಾಯರು. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಎಂದು ಬಿಡಿಸಿ ಹೇಳಿದ ಮೇಲೆ ನಿಜವಾದ ಕಷ್ಟ ತಲೆದೋರಿತು. ಹೊರಟ ಸ್ವಲ್ಪ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಸಾಗರದ ಮೇಲೆ ಮತ್ತೆ ಹುಟ್ಟುತ್ತಾನೆ, ಇಳಿಯುವ ಹೊತ್ತಿಗೆ ಇನ್ನೊಮ್ಮೆ ಮುಳುಗಲು ತಯಾರಾಗಿರುತ್ತಾನೆ. ಒಂದೇ ತಾರೀಖಿಗೆ ಎರಡು ಸಾಯಂಸಂಧ್ಯೆ! ಸಂಧ್ಯಾವಂದನೆ ಒಂದೋ ಎರಡೋ? ಪುರೋಹಿತರಿಗೆ ಫೋನು ಹೋಯಿತು. ‘ನೀರು ಸಿಕ್ಕಾಗ ಮಾಡಿ’ ಎಂದು ಅವರು ಕೈತೊಳೆದುಕೊಂಡರು. ಸೀಟು ಬೆಲ್ಟು ಬಿಗಿದುಕೊಂಡು, ಪೇಪರ್ ಕಪ್ಪಿನೊಳಗೆ ಅರ್ಘ್ಯ ಬಿಡುವುದು ಹೇಗೆಂದು ರಾಯರು ಸೋಫಾ ಮೇಲೆ ಕೂತು ಅಭ್ಯಾಸ ಮಾಡಿ ತೋರಿಸಿದರು. ಪಕ್ಕದ ಸೀಟಿನ ಪಾತ್ರದಲ್ಲಿದ್ದ ನನ್ನ ಪಂಚೆ ನೆನೆಯಿತು.

ವಾಪಸು ಬರುವಾಗ ಗಾಳಿ ಎದುರು, ಹದಿನೆಂಟು ಗಂಟೆಗೆ ಹತ್ತಿರ. ಆಗಿನ ವೇಳಾಪಟ್ಟಿಯಂತೆ ಶನಿವಾರ ರಾತ್ರಿ ಎಂಟೂವರೆಗೆ ಅಲ್ಲಿ ಹತ್ತಿದರೆ ಇಲ್ಲಿ ಇಳಿಯುವುದು ಸೋಮವಾರ ನಸುಕಿಗೆ. ಭಾನುವಾರ ಪೂರ್ತಿ ಮೋಡದಲ್ಲೇ ಖರ್ಚು. ಇಡೀ ಒಂದು ದಿನ ಲುಕ್ಸಾನು ಎಂದು ರಾಯರು ಗೊಣಗುತ್ತಿದ್ದಾಗ, ಅಷ್ಟು ಹೊತ್ತೂ ಸುಮ್ಮನೆ ಅವರೆಕಾಯಿ ಸುಲಿಯುತ್ತಿದ್ದ ಅವರ ಮಡದಿ ತಲೆಯೆತ್ತಿ ಹೇಳಿದರು: ‘ಆ ಭಾನುವಾರ ಏಕಾದಶಿ ಬರೋ ಹಾಗೆ ನೋಡಿ ಟಿಕೆಟ್ ಮಾಡಿಸಿ.’