‘ನೆಟ್ಟಗೆ ಪಂಚಾಂಗ ನೋಡಿ, ಆಮೇಲೆ ಕ್ಯಾಮೆರಾ ತೆಗೆಯಿರಿ’: ಅಂತರಪಟದ ಸಂದರ್ಶನ

ಹೊಸ ಪಂಚೆ, ನಡುವೆ ಕುಂಕುಮದ ಸ್ವಸ್ತಿಕ. ಮಂಗಳಾಷ್ಟಕ ಮುಗಿಯುವವರೆಗೆ ವಧೂವರರ ನಡುವೆ ಅಡ್ಡ ನಿಂತು, ಮುಹೂರ್ತಕ್ಕೆ ಸರಿದು, ಜೀರಿಗೆ-ಬೆಲ್ಲ ಬಿದ್ದ ಮೇಲೆ ಮೂಲೆ ಸೇರುವ ಬಟ್ಟೆ. ಶಾಸ್ತ್ರಕ್ಕೆ ಮುಂಚೆಯೇ ಗಂಡು-ಹೆಣ್ಣನ್ನು ಎದುರುಬದುರು ನಿಲ್ಲಿಸಿ ಜೋಡಿ ಫೋಟೊ ಮುಗಿಸಿಬಿಡುವ ಅಮೆರಿಕದ ‘ಫಸ್ಟ್ ಲುಕ್’ ನಮ್ಮ ಛತ್ರಗಳಿಗೂ ಬೇಕೇ ಎಂದು ಆ ಅಂತರಪಟವನ್ನೇ ಕೇಳಿದೆವು.

ಪ್ರಶ್ನೆ: ಜೋಡಿ ಫೋಟೊ ಬೆಳಿಗ್ಗೆಯೇ ಮುಗಿದರೆ ಎಲ್ಲರಿಗೂ ಅನುಕೂಲ. ನಿಮಗೇಕೆ ಹೊಟ್ಟೆಯುರಿ?

ಅಂತರಪಟ: ಹೊಟ್ಟೆ ಇದ್ದರಲ್ಲವೇ ಸ್ವಾಮಿ, ಉರಿಯುವುದು! ಅದು ಅಲ್ಲಿಯ ತೊಡಕಿಗೆ ಅಲ್ಲಿಯವರು ಕಂಡುಕೊಂಡ ಉಪಾಯ. ಚರ್ಚಿನ ವಿಧಿ ಬೇಗ ಮುಗಿಯುತ್ತದೆ. ಆಮೇಲೆ ಅತಿಥಿಗಳು ಗ್ಲಾಸು ಹಿಡಿದು ಕಾಯುವ ಒಂದು ಗಂಟೆಯಲ್ಲೇ ಎರಡೂ ಮನೆಯವರ ಗುಂಪು, ಜೋಡಿ, ಎಲ್ಲ ಆಗಬೇಕು. ಡಿಸೆಂಬರಿನಲ್ಲಿ ಬಾಸ್ಟನ್ನಿನಂಥ ಊರಲ್ಲಿ ನಾಲ್ಕೂವರೆಯೊಳಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಜೋಡಿ ಚಿತ್ರವನ್ನು ವಿಧಿಗೆ ಮೊದಲೇ ಮುಗಿಸುತ್ತಾರೆ. ನಮ್ಮಲ್ಲಿ ಆ ತೊಡಕೇ ಇಲ್ಲ. ಕಾಶಿಯಾತ್ರೆ ಅರ್ಧ ಗಂಟೆ ತಡವಾಗಬಹುದು, ಊಟದ ಪಂಕ್ತಿ ಇನ್ನೂ ತಡವಾಗಬಹುದು; ನಾನು ಸರಿಯುವ ಗಳಿಗೆ ಮಾತ್ರ ಅಲುಗದು. ಒಂದು ಲಗ್ನವೆಂದರೆ ಸುಮಾರು ಎರಡು ಗಂಟೆ, ಅದರಲ್ಲಿ ಪುರೋಹಿತರು ಆರಿಸುವುದು ಒಂದು ತುಂಡು. ಅಭಿಜಿನ್ ಮುಹೂರ್ತವಾದರೆ ನಡುಹಗಲ ಆಸುಪಾಸಿನ 48 ನಿಮಿಷ, ಅಷ್ಟೇ. ಫೋಟೊದ ವೇಳಾಪಟ್ಟಿಯನ್ನು ಆ ಗಳಿಗೆಯಿಂದ ಹಿಂದಕ್ಕೂ ಮುಂದಕ್ಕೂ ಲೆಕ್ಕ ಹಾಕಬೇಕು. ಬ್ಯೂಟಿಷಿಯನ್ ಬರುವ ಹೊತ್ತಿನಿಂದ ಲೆಕ್ಕ ಶುರು ಮಾಡಿದವರು ಮುಹೂರ್ತದ ಹೊತ್ತಿಗೆ ಬ್ಯಾಟರಿ ಹುಡುಕುತ್ತಿರುತ್ತಾರೆ.

ಪ್ರಶ್ನೆ: ಹಾಗಾದರೆ ಅಲ್ಲಿಯವರೆಗೆ ಛಾಯಾಗ್ರಾಹಕ ನೊಣ ಹೊಡೆಯಬೇಕೆ?

ಅಂತರಪಟ: ಮುಹೂರ್ತ 10.30 ಎಂದಿಟ್ಟುಕೊಳ್ಳಿ. 8.30ಕ್ಕೆ ಹೆಣ್ಣಿನ ಅಲಂಕಾರ ಮುಗಿದಿರಲಿ. ಅಲ್ಲಿಂದ ಒಂದು ಗಂಟೆ ಒಬ್ಬ ಛಾಯಾಗ್ರಾಹಕ ಗೌರಿಪೂಜೆಯ ಕೋಣೆಯಲ್ಲಿ, ಇನ್ನೊಬ್ಬ ಛತ್ರಿ ಹಿಡಿದ ಗಂಡಿನ ಹಿಂದೆ. ಅವಳ ಕಡೆಯವರೊಡನೆ ಅವಳದು, ಇವನ ಕಡೆಯವರೊಡನೆ ಇವನದು, ಎಲ್ಲ ಆಗಿಹೋಗುತ್ತದೆ. ಬಾಕಿ ಉಳಿಯುವುದು ಜೋಡಿಯ ಚಿತ್ರ ಮತ್ತು ಬೀಗರು ಒಟ್ಟಿಗೆ ನಿಲ್ಲುವ ಚಿತ್ರ. ಸೋದರಮಾವ ಹೆಣ್ಣನ್ನು ಕರೆತರುವ ಹೊತ್ತಿಗೆ ಇಬ್ಬರು ಛಾಯಾಗ್ರಾಹಕರೂ ಮಂಟಪದಲ್ಲಿರಬೇಕು, ಒಬ್ಬ ಗಂಡಿನ ಭುಜದ ಹಿಂದೆ, ಒಬ್ಬ ಹೆಣ್ಣಿನ ಭುಜದ ಹಿಂದೆ. ಎದುರುಬದುರು ನಿಂತ ಎರಡು ಮುಖಗಳನ್ನು ಒಂದೇ ಕ್ಯಾಮೆರಾ ನೇರವಾಗಿ ಹಿಡಿಯಲಾರದು. ಇನ್ನೊಂದು ಮಾತು, ಇದನ್ನು ಯಾರೂ ಗಮನಿಸುವುದಿಲ್ಲ: ನಾನು ಬಿಳಿ. ನಾನಿರುವಷ್ಟು ಹೊತ್ತು ನನ್ನಿಂದ ಪುಟಿದ ಬೆಳಕು ಇಬ್ಬರ ಮುಖದ ಮೇಲೂ ಇರುತ್ತದೆ, ಸರಿದೊಡನೆ ಅದು ಹೋಗುತ್ತದೆ. ಆ ಬೆಳಕನ್ನು ನಂಬಿ ಕ್ಯಾಮೆರಾ ಹೊಂದಿಸಿದವನಿಗೆ ಸಿಗುವುದು ಮಂಕು ಮುಖ. ‘ಇನ್ನೊಂದ್ಸಲ ಹಾಕಿ ಸಾರ್’ ಎನ್ನಲು ಜೀರಿಗೆ-ಬೆಲ್ಲವೇನು ಮಿಕ್ಸ್ಚರ್ ಪೊಟ್ಟಣವೇ?

ಪ್ರಶ್ನೆ: ಎಷ್ಟೋ ಮದುವೆಗಳಲ್ಲಿ ಹಿಂದಿನ ಸಂಜೆಯೇ ಆರತಕ್ಷತೆ. ಗಂಟೆಗಟ್ಟಲೆ ಅಕ್ಕಪಕ್ಕ ನಿಂತಿರುತ್ತಾರೆ. ಅದಕ್ಕೂ ಮುಂಚೆ ಪ್ರಿ-ವೆಡ್ಡಿಂಗ್ ಶೂಟ್. ಇನ್ನು ನೀವು ಮುಚ್ಚಿಡುವುದಾದರೂ ಏನು?

ಅಂತರಪಟ: ಏನೂ ಇಲ್ಲ, ಒಪ್ಪಿದೆ. ಕೆರೆ ಏರಿಯ ಮೇಲೆ ಅವಳನ್ನು ಎತ್ತಿ ತಿರುಗಿಸಿದವನಿಗೆ ಬೆಳಿಗ್ಗೆ ಅವಳ ಮುಖ ಹೊಸದಲ್ಲ. ಆದರೆ ನಿಮ್ಮ ಈ ಆಕ್ಷೇಪಣೆ ನನ್ನ ಕಡೆಗೇ ವಾಲುತ್ತದೆ, ನೋಡಿ. ಫಸ್ಟ್ ಲುಕ್ ಇರುವುದೇ ಜೋಡಿ ಚಿತ್ರಕ್ಕೆ ಹೊತ್ತು ಉಳಿಸಲು. ಆ ಚಿತ್ರಗಳು ಶೂಟ್‌ನಲ್ಲಿ ಒಂದು ಸಲ, ಆರತಕ್ಷತೆಯಲ್ಲಿ ಇನ್ನೊಂದು ಸಲ ಆಗಿರುವಾಗ ಅದು ಉಳಿಸುವ ಹೊತ್ತು ಯಾವುದು? ಮೇಲಾಗಿ ಶೂಟ್‌ನಲ್ಲಿ ‘ಸ್ವಲ್ಪ ನಗಿ ಮೇಡಂ’ ಎನ್ನುವವನಿರುತ್ತಾನೆ, ಆರತಕ್ಷತೆಯಲ್ಲಿ ಇಬ್ಬರೂ ನೋಡುವುದು ಎದುರಿನ ಸಾಲನ್ನು. ನನ್ನ ಹಿಂದೆ ನಿಂತವರಿಗೆ ಹಾಗೆ ನೋಡಿ, ಹೀಗೆ ನಗಿ ಎಂದು ಹೇಳಲು ಯಾರಿಗೂ ಪುರುಸೊತ್ತಿಲ್ಲ. ಗಟ್ಟಿಮೇಳದ ಗದ್ದಲದಲ್ಲಿ ಹೇಳಿದರೂ ಕೇಳಿಸದು.

ಪ್ರಶ್ನೆ: ಮುಹೂರ್ತದ ಮೇಲಿನ ಪಾಡು ಹೇಳಿ. ಹೋಮದ ಹೊಗೆಗೆ ಕಾಡಿಗೆ ಇಳಿದಿರುತ್ತದೆ, ಲಕೋಟೆ ಹಿಡಿದವರ ಸಾಲು ಬಾಗಿಲು ದಾಟಿರುತ್ತದೆ.

ಅಂತರಪಟ: ಇದು ನಿಜವಾದ ಕಷ್ಟ; ಬಾಯಿಮಾತಿನಲ್ಲಿ ಹಾರಿಸುವಂಥದಲ್ಲ. ಸಪ್ತಪದಿ ಮುಗಿದ ಮೇಲೆ, ವೇದಿಕೆಗೆ ಸಾಲು ಬಿಡುವ ಮೊದಲು, ಅರ್ಧ ಗಂಟೆ ಕಾದಿರಿಸಬೇಕು: ಮುಖ ಒರೆಸಿಕೊಳ್ಳಲು ಹತ್ತು ನಿಮಿಷ, ಜೋಡಿಗೆ ಮತ್ತು ಬೀಗರಿಗೆ ಇಪ್ಪತ್ತು. ನಡುಹಗಲ ಬಿಸಿಲಿಗೆ ಒಯ್ಯಬೇಡಿ, ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಛತ್ರದ ಜಗಲಿಯ ನೆರಳೇ ಸಾಕು. ವಯಸ್ಸಾದವರನ್ನು ಮೊದಲು ನಿಲ್ಲಿಸಿ ಪಂಕ್ತಿಗೆ ಕಳಿಸಿ. ಆದರೂ ಸಾಲು ನುಗ್ಗಿ ಬಂತೇ? ಮೊದಲ ಪಂಕ್ತಿಗೇ ಒಬ್ಬಟ್ಟು ಖಾಲಿಯಾಗುತ್ತಿದೆ ಎಂಬ ಸುದ್ದಿ ಹಿಂದಿನಿಂದ ಯಾರಾದರೂ ಹಬ್ಬಿಸಲಿ, ವೇದಿಕೆ ಎರಡು ನಿಮಿಷದಲ್ಲಿ ಬರಿದಾಗುತ್ತದೆ. ಆ ಕೆಲಸವನ್ನೂ ಪ್ಯಾಕೇಜಿನಲ್ಲಿ ಬರೆಸಿಕೊಳ್ಳಿ, ಆಲ್ಬಮ್ಮಿನ ಹೊದಿಕೆಗೆ ಸುರಿಯುವುದರಲ್ಲಿ ಕಾಲುಭಾಗ ಸಾಕು.