ತಾರಸಿಯ ಹಿಂಗಾರು ಕೃಷಿಕ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ನಿವೇಶನ ಕೊಂಡು, ಕೆಳಗೆ ತಾವು, ಮೊದಲ ಮಹಡಿಯಲ್ಲಿ ಬಾಡಿಗೆದಾರರು, ಅದರ ಮೇಲೆ ತಾರಸಿ ಎಂಬ ಕ್ರಮದಲ್ಲಿ ಮನೆ ಕಟ್ಟಿಸಿ ನಿವೃತ್ತರಾದ ಗೃಹಸ್ಥರ ನಡುವೆ, ಸಮಾಜಶಾಸ್ತ್ರಜ್ಞರ ಗಮನಕ್ಕೆ ಅಷ್ಟಾಗಿ ಬಾರದ ಒಂದು ಉಪವರ್ಗವಿದ್ದು, ಅದನ್ನು ಸದ್ಯಕ್ಕೆ ‘ತಾರಸಿ ಕೃಷಿಕ’ ಎಂದು ಕರೆಯಬಹುದು. ಬ್ಯಾಂಕಿನಲ್ಲೋ ವಿಮಾ ಕಚೇರಿಯಲ್ಲೋ ಮೂವತ್ತೈದು ವರ್ಷ ಕಡತಗಳ ನಡುವೆ ಪಳಗಿದ ಈತನನ್ನು ವರ್ಷದ ಬಹುಭಾಗ ಇತರ ನಿವೃತ್ತರಿಂದ ಬೇರೆಯಾಗಿ ಗುರುತಿಸುವುದು ಕಷ್ಟ. ಎಲ್ಲರಂತೆ ಈತನೂ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ, ಬಿ.ಪಿ. ಮಾತ್ರೆ ನುಂಗಿ, ಪತ್ರಿಕೆಯ ಪದಬಂಧದಲ್ಲಿ ಒಂದು ಸಾಲು ಉಳಿಸಿಟ್ಟು ಸ್ನಾನಕ್ಕೆ ಹೋಗುತ್ತಾನೆ. ಆದರೆ ಆಗಸ್ಟ್ ಕೊನೆಗೆ ಮಘೆ ಮಳೆ ಮುಗಿದು ಹುಬ್ಬೆ ಹುಟ್ಟಿತೆಂದರೆ ಲಕ್ಷಣಗಳು ಒಂದೊಂದಾಗಿ ತೋರತೊಡಗುತ್ತವೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳ ಮಳೆಯನ್ನು ಆ ನಕ್ಷತ್ರದ ಹೆಸರಿನಿಂದಲೇ ಕರೆಯುವ ಈ ಲೆಕ್ಕ ಈತನ ತಾತನಿಗೆ ಆಕಾಶ ನೋಡಿದರೆ ತಿಳಿಯುತ್ತಿತ್ತು. ಮೊಮ್ಮಗನಿಗೆ ಅಡುಗೆಮನೆಯ ಕ್ಯಾಲೆಂಡರು ನೋಡಿದರೆ ತಿಳಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ತರುವ ಮಳೆ ಮುಂಗಾರು. ಅದು ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರುವುದು ಹಿಂಗಾರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಈ ಎರಡರ ಸಂಧಿಕಾಲವೇ ಮೂಲಂಗಿ, ಕ್ಯಾರೆಟ್, ನವಿಲುಕೋಸು, ಹೂಕೋಸು, ಬೀನ್ಸ್ ಮುಂತಾದ ತಂಪು ಬಯಸುವ ತರಕಾರಿಗಳನ್ನು ಬಿತ್ತಲು ಹದವಾದ ಸಮಯವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ತಾರಸಿ ಕೃಷಿಕನೂ ಇದನ್ನು ಒಪ್ಪುತ್ತಾನೆ. ವ್ಯತ್ಯಾಸವಿಷ್ಟೇ, ರೈತನು ಹೊಲ ಉತ್ತು ಬಿತ್ತುವ ಸಮಯದಲ್ಲಿ ಈತ ಒಂದು ಫೈಲು ತೆರೆಯುತ್ತಾನೆ.

ಫೈಲಿನ ಮೊದಲ ಹಾಳೆ ಒಂದು ನಕ್ಷೆ. ಒಂದು ಅಡಿಗೆ ಒಂದು ಸೆಂಟಿಮೀಟರ್ ಪ್ರಮಾಣದಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದ ಈ ನಕ್ಷೆಯಲ್ಲಿ ನೀರಿನ ಟ್ಯಾಂಕು, ಸೋಲಾರ್ ಹೀಟರು ಮತ್ತು ಬಟ್ಟೆ ಒಣಹಾಕುವ ತಂತಿಗಳಿಗೆ ಬಿಟ್ಟು ಉಳಿದ 300 ಚದರ ಅಡಿಯನ್ನು ಬಣ್ಣದ ಪೆನ್ಸಿಲಿನಿಂದ ಭಾಗ ಮಾಡಲಾಗಿರುತ್ತದೆ. ತಂತಿಯ ಕೆಳಗಿನ ಜಾಗದ ಹಕ್ಕು ಯಾರದೆಂಬುದು ಮನೆಯಾಕೆಯೊಡನೆ ಬಹುಕಾಲದಿಂದ ಇತ್ಯರ್ಥವಾಗದೆ ಉಳಿದಿರುವ ಗಡಿವಿವಾದವಾದ್ದರಿಂದ, ಅಷ್ಟು ಭಾಗವನ್ನು ಚುಕ್ಕಿಗೆರೆಯಲ್ಲಿ ತೋರಿಸುವುದು ರೂಢಿ. ಎರಡನೆಯ ಹಾಳೆ ಬೆಳೆ ಸರದಿಯದು. ಒಂದೇ ಕುಟುಂಬದ ಗಿಡಗಳನ್ನು ಒಂದೇ ಮಣ್ಣಿನಲ್ಲಿ ಮತ್ತೆ ಮತ್ತೆ ಬೆಳೆದರೆ ಅವುಗಳ ರೋಗವೂ ಅಲ್ಲೇ ಬೇರೂರುವುದರಿಂದ, ಹೋದ ಸಲ ಬದನೆಯೋ ಟೊಮೆಟೊವೋ ಇದ್ದ ಕಡೆ ಈ ಸಲ ಹುರುಳಿಕಾಯಿಯನ್ನೋ ಅವರೆಯನ್ನೋ ಹಾಕುವುದಕ್ಕೆ ಬೆಳೆ ಸರದಿ ಎನ್ನುತ್ತಾರೆ. ಇದು ನಾಲ್ಕು ಎಕರೆಯಲ್ಲಿ ಎಷ್ಟು ಅಗತ್ಯವೋ ನಲವತ್ತು ಚೀಲಗಳಲ್ಲಿಯೂ ಅಷ್ಟೇ ಅಗತ್ಯ. ಆದರೆ ಯಾವ ಚೀಲದಲ್ಲಿ ಹೋದ ವರ್ಷ ಏನಿತ್ತೆಂಬುದನ್ನು ಬರೆದಿಟ್ಟ ಹಾಳೆ ಹೋದ ವರ್ಷದ ಫೈಲಿನಲ್ಲಿದ್ದು, ಆ ಫೈಲು ಹಳೆಯ ಪೇಪರಿನವನ ತಕ್ಕಡಿ ಸೇರಿರುತ್ತದೆ.

ಬಿತ್ತನೆಯ ದಿನವನ್ನು ನಿಶ್ಚಯಿಸುವ ಕ್ರಮ ಇನ್ನೂ ಕುತೂಹಲಕರವಾದುದು. ಶೀತದೇಶಗಳ ತೋಟಗಾರಿಕೆ ಗ್ರಂಥಗಳ ಪ್ರಕಾರ, ಊರಿನಲ್ಲಿ ಚಳಿಗಾಲದ ಮೊದಲ ಇಬ್ಬನಿ ಹೆಪ್ಪುಗಟ್ಟುವ ಸರಾಸರಿ ದಿನವನ್ನು ಹಿಡಿದು, ಬೆಳೆ ಕೊಯ್ಲಿಗೆ ಬರಲು ಬೇಕಾದಷ್ಟು ದಿನಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಅಂದರೆ ನೀರು ಹೆಪ್ಪುಗಟ್ಟಲು ಅಂದೂ ಸುಮಾರು ಎಂಟು ಡಿಗ್ರಿ ಚಳಿ ಸಾಲದೆ ಹೋಗಿತ್ತು. ಇಷ್ಟಕ್ಕೇ ಎದೆಗುಂದದ ಕೃಷಿಕನು ಹಿಮವನ್ನು ತೆಗೆದು ಆ ಸ್ಥಾನದಲ್ಲಿ ಸಂಕ್ರಾಂತಿಯನ್ನು ಕೂರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾನೆ. ಅನ್ಯದೇಶದ ಶಾಸ್ತ್ರವೊಂದು ಈ ಮಣ್ಣಿಗೆ ಹೊಂದಿಕೊಂಡ ಉದಾಹರಣೆಗಳಲ್ಲಿ ಇದು ಚಿಕ್ಕದಾದರೂ ಅಚ್ಚುಕಟ್ಟಾದುದೆಂದು ಒಪ್ಪಲೇಬೇಕು.

ಮುಂದಿನ ಘಟ್ಟ ಗೊಬ್ಬರ. ಸುಭಾಷ್ ಪಾಳೇಕರ್ ಅವರು ಜನಪ್ರಿಯಗೊಳಿಸಿದ ಜೀವಾಮೃತವೆಂಬುದು ಮಣ್ಣಿನ ಸೂಕ್ಷ್ಮಜೀವಿಗಳನ್ನು ಹೆಚ್ಚಿಸಲೆಂದು ಹುದುಗಿಸುವ ದ್ರವವಾಗಿದ್ದು, ಅದಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು ಮತ್ತು ಒಂದು ಹಿಡಿ ಮಣ್ಣು ಬೇಕು. ಈ ಅಳತೆ ಒಂದು ಎಕರೆಗೆ ಹೇಳಿದ್ದು. ಎಕರೆಗೆ 43,560 ಚದರ ಅಡಿಯಾದ್ದರಿಂದ, ಬಡ್ಡಿಯ ಲೆಕ್ಕದಲ್ಲಿ ಜೀವಮಾನ ಸವೆಸಿದವನಿಗೆ ಸಹಜವಾದ ನಿಷ್ಠೆಯಿಂದ ಭಾಗಿಸಿ, 300 ಚದರ ಅಡಿಯ ತನ್ನ ಜಮೀನಿಗೆ 69 ಗ್ರಾಂ ಸಗಣಿ, 69 ಮಿಲಿಲೀಟರ್ ಗಂಜಲ, 14 ಗ್ರಾಂ ಬೆಲ್ಲ, 14 ಗ್ರಾಂ ಕಡಲೆಹಿಟ್ಟು ಮತ್ತು 1.4 ಲೀಟರ್ ನೀರು ಎಂದು ಆತ ನಿಗದಿ ಮಾಡುತ್ತಾನೆ. ಒಂದು ಹಿಡಿ ಮಣ್ಣಿನ ನೂರನಲವತ್ತೈದನೆಯ ಒಂದು ಭಾಗ ಎಷ್ಟೆಂಬ ಪ್ರಶ್ನೆ ಮಾತ್ರ ಪೆನ್ಸಿಲಿನಲ್ಲಿ ಉಳಿದುಕೊಳ್ಳುತ್ತದೆ. ನಗರದಲ್ಲಿ ಹಸು ಸಾಕುವವರು ಇನ್ನೂ ಅಲ್ಲಲ್ಲಿ ಇರುವುದರಿಂದ ಸಗಣಿ ದೊರಕದ ವಸ್ತುವಲ್ಲ. ಆದರೆ ಸ್ಟೀಲ್ ಡಬ್ಬಿಯೊಡನೆ ಬಂದು 69 ಗ್ರಾಂ ಕೇಳುವ ಗಿರಾಕಿಯನ್ನು ಹಾಲಿನವರು ಅದಕ್ಕೆ ಮುಂಚೆ ಕಂಡಿರುವುದಿಲ್ಲ. “ಏನೂಂದ್ರೆ, ಅಡುಗೆಮನೆ ತಕ್ಕಡಿ ಎಲ್ಲಿಟ್ರಿ?” ಎಂಬ ಪ್ರಶ್ನೆ ಕೆಳಗಿನಿಂದ ಕೇಳಿಬರುವುದು ಸಾಮಾನ್ಯವಾಗಿ ಈ ಹಂತದಲ್ಲಿ, ಉತ್ತರ ಬಾರದಿರುವುದೂ ಈ ಹಂತದಲ್ಲೇ.

ಬೀಜಕ್ಕಾಗಿ ಈತ ಹೆಸರಘಟ್ಟಕ್ಕೇ ಹೋಗುತ್ತಾನೆ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತಾನು ಅಭಿವೃದ್ಧಿಪಡಿಸಿದ ತಳಿಗಳಿಗೆ ‘ಅರ್ಕಾ’ ಎಂಬ ಪೂರ್ವಪದವನ್ನಿಡುವುದರಿಂದ ಮೂಲಂಗಿ ಅರ್ಕಾ ನಿಶಾಂತ್ ಆಗಿಯೂ, ಬೆಂಡೆ ಅರ್ಕಾ ಅನಾಮಿಕ ಆಗಿಯೂ, ಬೀನ್ಸ್ ಅರ್ಕಾ ಕೋಮಲ್ ಆಗಿಯೂ, ಪಾಲಕ್ ಅರ್ಕಾ ಅನುಪಮ ಆಗಿಯೂ ಮನೆಗೆ ಬರುತ್ತವೆ. ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿ ಈತ ಒಂದೊಂದಾಗಿ ಹೆಸರು ಕೂಗಿ ಗುರುತು ಹಾಕಿಕೊಳ್ಳುವಾಗ, ಪಕ್ಕದ ಕೋಣೆಯಲ್ಲಿದ್ದವರಿಗೆ ಯಾವುದೋ ಶಾಲೆಯ ಹಾಜರಿ ನಡೆಯುತ್ತಿರುವ ಭ್ರಮೆಯುಂಟಾಗುತ್ತದೆ. ಹತ್ತು ಗ್ರಾಂ ಮೂಲಂಗಿ ಬೀಜವೆಂದರೆ ಸುಮಾರು ಸಾವಿರ ಕಾಳು. ನಕ್ಷೆಯಲ್ಲಿ ಮೂಲಂಗಿಗೆ ಇರುವುದು ನಲವತ್ತೆಂಟು ಸ್ಥಾನ. ಉಳಿದದ್ದನ್ನು ಗಾಳಿಯಾಡದ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡುವುದು ಶಾಸ್ತ್ರಸಮ್ಮತ, ಮತ್ತು ಸಾಸಿವೆಯೆಂದು ತಿಳಿದು ಅದನ್ನು ಒಗ್ಗರಣೆಗೆ ಹಾಕುವುದು ಮಾನವಸಹಜ.

ಸಸಿಮಡಿಯಲ್ಲಿ ಎಲೆಕೋಸು, ಹೂಕೋಸು, ನವಿಲುಕೋಸುಗಳ ಬೀಜಗಳನ್ನು ಬೇರೆ ಬೇರೆ ತಟ್ಟೆಗಳಲ್ಲಿ ಚೆಲ್ಲಿ, ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದು ನೆಡಲಾಗುತ್ತದೆ. ಬೆಂಗಳೂರಿಗೆ ವರ್ಷದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್ ಆಗಿರುವುದರಿಂದ, ಉತ್ತರೆಯ ಮೊದಲ ಜಡಿಮಳೆಗೇ ಮಸಿ ತೊಳೆದುಹೋಗಿ ಬರಿಯ ಕಡ್ಡಿಗಳು ನಿಂತಿರುತ್ತವೆ. ಈ ಮೂರೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಒಂದೇ ಪ್ರಭೇದದ ಬೇರೆ ಬೇರೆ ರೂಪಗಳಾದ್ದರಿಂದ ಎಳೆಯ ಸಸಿಗಳಲ್ಲಿ ಯಾವುದು ಯಾವುದೆಂದು ಬಲ್ಲವರೂ ಹೇಳಲು ತಡವರಿಸುತ್ತಾರೆ. ಆಗ ಫೈಲಿನಲ್ಲಿ ‘ಕೋಸು (ಸಾಮಾನ್ಯ)’ ಎಂಬ ಹೊಸ ಶೀರ್ಷಿಕೆ ಹುಟ್ಟುತ್ತದೆ.

ಆದರೂ ಈ ವರ್ಗದ ನಿಜವಾದ ಮಹತ್ವಾಕಾಂಕ್ಷೆ ಇರುವುದು ಕೋಸಿನಲ್ಲಲ್ಲ, ಅವರೆಯಲ್ಲಿ. ನಾಡ ಅವರೆಯು ‘ಹ್ರಸ್ವದಿನ’ ಸಸ್ಯ, ಎಂದರೆ ಹಗಲು ಗಿಡ್ಡವಾಗಿ ರಾತ್ರಿ ಉದ್ದವಾದಾಗ ಮಾತ್ರ ಹೂವಿಗೆ ಮನಸ್ಸು ಮಾಡುವ ಬಳ್ಳಿ. ಒಂದು ವರ್ಷ ಎಲ್ಲರಿಗಿಂತ ಮುಂಚಿತವಾಗಿ ಜೂನ್‌ನಲ್ಲೇ ಬಿತ್ತಿ, ದಸರೆಗೇ ಸಾರು ಎಂದು ಫೈಲಿನಲ್ಲಿ ಬರೆದಿಟ್ಟ ಕೃಷಿಕನ ಅವರೆ, ಸೋಲಾರ್ ಕೊಳವೆಯನ್ನೂ ವಿವಾದಿತ ತಂತಿಯನ್ನೂ ಸುತ್ತಿ, ತಂತಿಯ ಮೇಲಿದ್ದ ಒಂದು ಪಂಚೆಯನ್ನು ಒಳಗೊಂಡು ಹಬ್ಬಿ, ಊರಿನ ಅವರೆಯೆಲ್ಲ ಹೂ ಬಿಟ್ಟ ಕಾಲಕ್ಕೇ ತಾನೂ ಬಿಡುತ್ತದೆ. ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆಯೆಂಬ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿರುವುದು ಈತನಿಗೆ ತಿಳಿಯದ್ದೇನಲ್ಲ. ಆದರೆ ಕಾಯಿಯ ಸಿಪ್ಪೆಗೆ ಅಂಟಿರುವ ಎಣ್ಣೆಯಂಥ ಘಮ, ಅದಕ್ಕೆ ಸೊಗಡು ಎನ್ನುತ್ತಾರೆ, ಅದರ ವಿಷಯದಲ್ಲಿ ಹಳಬರ ತಕರಾರು ಇದ್ದೇ ಇರುವುದರಿಂದ ಆ ಕಾಲಂ ಖಾಲಿ ಉಳಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಆರು ಚೀಲಗಳಿಂದ ಒಂದು ಪಾವು ಕಾಳು ಕೈಸೇರುತ್ತದೆ. ಹಿದುಕಿದ ಬೇಳೆಯ ಸಾರಿಗೆ ಅದು ಸಾಲದೆಂಬುದನ್ನು ಬಾಯಿಬಿಟ್ಟು ಹೇಳುವಷ್ಟು ಒರಟುತನ ಮನೆಯಾಕೆಯಲ್ಲಿಲ್ಲ. ಬಸವನಗುಡಿ ಕಡೆ ವರ್ಷವರ್ಷವೂ ನಡೆಯುವ ಅವರೆ ಮೇಳದಿಂದ ಎರಡು ಕಿಲೋ ತಂದು, ಬೆರೆಸಿ, ಎಲ್ಲವನ್ನೂ ‘ನಮ್ಮ ತಾರಸೀದು’ ಎಂದೇ ಬಡಿಸಲಾಗುತ್ತದೆ.

ಯೋಜನೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದ ಬಾಬತ್ತೆಂದರೆ ನೀರು ಎಲ್ಲಿಗೆ ಹೋಗುತ್ತದೆಂಬುದು. 20 ಲೀಟರಿನ ಚೀಲಕ್ಕೆ ಬರಿಯ ಕೆಂಪು ಮಣ್ಣು ತುಂಬಿ ನೀರುಣಿಸಿದರೆ 30 ಕಿಲೋ ಮೀರಿ ತೂಗುವುದರಿಂದಲೇ ಮಣ್ಣಿನ ಜೊತೆಗೆ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಮತ್ತು ಎರೆಗೊಬ್ಬರವನ್ನು ಸಮಪಾಲು ಬೆರೆಸುವ ಪದ್ಧತಿ ಬಂದಿದೆ. ಚೀಲದ ತಳ ಜೌಗಾಗದಿರಲೆಂದು ರಂಧ್ರಗಳನ್ನೂ ಬಿಡುತ್ತಾರೆ. ಗಿಡದ ಆರೋಗ್ಯದ ಮಟ್ಟಿಗೆ ಪಠ್ಯ ಅಲ್ಲಿಗೆ ಮುಗಿಯುತ್ತದೆ. ರಂಧ್ರದಿಂದಾಚೆಗೆ ಹರಿದ ನೀರು ತಾರಸಿಯ ಹಳೆಯ ಗಾರೆಯ ಬಿರುಕು ಹುಡುಕಿಕೊಂಡು ಮೊದಲ ಮಹಡಿಯ ಮಲಗುವ ಕೋಣೆಯ ಈಶಾನ್ಯ ಮೂಲೆಯಲ್ಲಿ ಪ್ರಕಟವಾಗುವುದು ಸಾಮಾನ್ಯವಾಗಿ ಚಿತ್ತೆ ಮಳೆಯ ಹೊತ್ತಿಗೆ. “ಸಾರ್, ಮತ್ತೆ ತೇವ ಬಂದಿದೆ, ಒಂದ್ಸಲ ಬಂದು ನೋಡ್ತೀರಾ?” ಎಂದು ಬಾಡಿಗೆದಾರ ಮೆಟ್ಟಿಲ ಬಳಿ ನಿಲ್ಲುತ್ತಾನೆ. ಕೃಷಿಕನು ಬಂದು ನೋಡುತ್ತಾನೆ, ಕಲೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ಪಕ್ಕದಲ್ಲಿ ದಿನಾಂಕ ಬರೆಯುತ್ತಾನೆ, ಮಳೆ ನಿಲ್ಲಲಿ ಎನ್ನುತ್ತಾನೆ.

ಹಿಂಗಾರಿನ ತಾರಸಿಯಲ್ಲಿ ಯಾವ ಯೋಜನೆಗೂ ಜಗ್ಗದೆ, ಯಾವ ತಪ್ಪನ್ನೂ ಲೆಕ್ಕಿಸದೆ ನಲವತ್ತು ದಿನಕ್ಕೆ ಬಂದೇ ಬರುವ ಬೆಳೆ ಮೂಲಂಗಿಯೊಂದೇ. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ, ಎಲೆಸಮೇತ ಕಿತ್ತು ತೊಳೆದ ನಾಲ್ಕು ಮೂಲಂಗಿಗಳ ಕಟ್ಟನ್ನು ಮನೆಯ ಯಜಮಾನರು ಸ್ವತಃ ತಂದು ಮೊದಲ ಮಹಡಿಯ ಬಾಗಿಲಲ್ಲಿ ಕೊಡುತ್ತಾರೆ. ಬಾಡಿಗೆದಾರನ ಹೆಂಡತಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಈ ವರ್ಷವೂ ಸುಣ್ಣ ಹೊಡೆಸಲ್ಲ ಅಂತ ಕಾಣುತ್ತೆ” ಎಂದು ಒಳಗೆ ಹೋಗಿ ಹುಳಿಗೆ ಬೇಳೆ ಇಡುತ್ತಾಳೆ.