ಎಂಜಿನ್ ಎತ್ತಬೇಡಿ, ಕಾರೆತ್ತಿ

ಅನ್ವಯ: ಈ ಕೈಪಿಡಿ ಮಾರುತಿ 800ಕ್ಕೆ ಅನ್ವಯಿಸುತ್ತದೆ. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಗಿರಾಕಿಯ ಕೈಸೇರಿ, 2014ರ ಜನವರಿಯಲ್ಲಿ ತಯಾರಿಕೆ ನಿಂತ, ನಡುವಿನ ಮೂವತ್ತು ವರ್ಷದಲ್ಲಿ ಅರ್ಧ ದೇಶಕ್ಕೆ ಕ್ಲಚ್ ಬಿಡುವುದನ್ನು ಕಲಿಸಿದ ಕಾರು ಅದು. ತಮ್ಮದು ಕಾಂಪೌಂಡಿನ ಮೂಲೆಯಲ್ಲಿ ನಾಲ್ಕೂ ಟೈರಿನ ಗಾಳಿ ಹೋಗಿ, ಬಾನೆಟ್ಟಿನ ಮೇಲೆ ಹಪ್ಪಳ ಒಣಹಾಕುವ ಹಂತ ತಲುಪಿದ್ದರೆ ತಾವು ಅರ್ಹರು. ಮೊದಲು ಹಪ್ಪಳ ತೆಗೆಯಿರಿ. ಅದಕ್ಕೂ ಮೊದಲು ಮನೆಯವರ ಅಪ್ಪಣೆ ಪಡೆಯಿರಿ.

ಕಾಗದಪತ್ರ: ಮೋಟಾರು ವಾಹನ ಕಾಯ್ದೆ, 1988ರ 55ನೇ ಕಲಮಿನ ಪ್ರಕಾರ, ವಾಹನ ಇನ್ನೆಂದೂ ಓಡದ ಸ್ಥಿತಿಗೆ ಬಂದರೆ 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ ಆರ್‌ಟಿಒಗೆ ತಿಳಿಸತಕ್ಕದ್ದು. ನೋಂದಣಿ ರದ್ದಾಗುವ ಮುನ್ನ ಒಂದು ನಟ್ಟನ್ನೂ ಮುಟ್ಟಬೇಡಿ. ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ. 2021ರ ನಿಯಮಗಳು ಬಂದ ಮೇಲೆ ಗುಜರಿಗೂ ನೋಂದಾಯಿತ ಕೇಂದ್ರಗಳಾಗಿವೆ. ಕಾರನ್ನು ಇಡಿಯಾಗಿ ಅಲ್ಲಿಗೆ ಒಪ್ಪಿಸಿದರೆ ಈ ಕೈಪಿಡಿಯ ಅಗತ್ಯವೇ ಬೀಳುವುದಿಲ್ಲ. ಈ ಕೊನೆಯ ವಾಕ್ಯವನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಬೇಕೆಂದು ಮುದ್ರಕರಲ್ಲಿ ವಿನಂತಿ.

ಸಿದ್ಧಾಂತ: ಅಂಬಾಸಿಡರ್ ಕಾಲದ ಮೇಸ್ತ್ರಿಗಳ ಮಾತನ್ನು ಇಲ್ಲಿ ಕೇಳಬಾರದು. ಅಲ್ಲಿ ಎಂಜಿನ್ ಮುಂದೆ, ಡಿಫರೆನ್ಷಿಯಲ್ ಹಿಂದೆ, ನಡುವೆ ಕಾರಿನುದ್ದಕ್ಕೂ ತಿರುಗುವ ಒಂದು ಶಾಫ್ಟು. ಮುಂದಿನ ಚಕ್ರ ಎಳೆಯುವ ಈ ಕಾರಿನಲ್ಲಾದರೋ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಡ್ಡಡ್ಡ ಮಲಗಿರುತ್ತದೆ. ಅದಕ್ಕೆ ಅಂಟಿಕೊಂಡೇ ಗೇರ್‌ಬಾಕ್ಸ್, ಅದರ ಹೊಟ್ಟೆಯೊಳಗೇ ಡಿಫರೆನ್ಷಿಯಲ್. ಈ ಅವಿಭಕ್ತ ಕುಟುಂಬದಲ್ಲಿ ಒಬ್ಬರನ್ನೇ ಹೊರಗೆ ಕರೆಯಲಾಗದು, ಬಂದರೆ ಎಲ್ಲರೂ ಬರುತ್ತಾರೆ. 1959ರ ಮಿನಿ ಕಾರಿನಿಂದ ಅಡ್ಡ ಎಂಜಿನ್ನನ್ನು ಜಗತ್ಪ್ರಸಿದ್ಧ ಮಾಡಿದ ಅಲೆಕ್ ಇಸಿಗೋನಿಸ್ ಒಳಗೆ ಕೂರುವವರ ಮೊಣಕಾಲಿಗೆ ಜಾಗ ಉಳಿಸಿಕೊಟ್ಟರು. ಬಿಚ್ಚುವವರ ಮೊಣಕೈಗೆ ಎಷ್ಟು ಉಳಿಯಿತೆಂಬುದು ಬಾನೆಟ್ ತೆರೆದರೆ ತಿಳಿಯುತ್ತದೆ.

ಹೀಗಿದ್ದೂ ಎದೆಗುಂದಬೇಕಿಲ್ಲ. ರಿಪೇರಿ ಪುಸ್ತಕಗಳ ಕಷ್ಟವೆಲ್ಲ ಇರುವುದು ಬಿಚ್ಚಿದ್ದನ್ನು ಮತ್ತೆ ಜೋಡಿಸಬೇಕೆಂಬ ಒಂದೇ ನಂಬಿಕೆಯಲ್ಲಿ. ತಾವು ಜೋಡಿಸುವವರಲ್ಲ. ವೈರಿಗೆ ಚೀಟಿ ಕಟ್ಟುವುದು, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡುವುದು, ಬಣ್ಣ ಕೆರೆಯದಂತೆ ಫೆಂಡರಿಗೆ ಬೆಡ್‌ಶೀಟ್ ಹೊದಿಸುವುದು, ಇವೆಲ್ಲ ಭಾವುಕತೆ. ಬೆಡ್‌ಶೀಟಿನ ಬಗ್ಗೆ ಮನೆಯವರದೂ ಇದೇ ಅಭಿಪ್ರಾಯ.

ಸಲಕರಣೆ: 10, 12, 14, 17ರ ಪಾನಾಗಳು, ಜಾಕು, ಸ್ಟ್ಯಾಂಡು, ಹಾರೆ, ಸುತ್ತಿಗೆ, ಗ್ರೈಂಡರ್, ಎರಡು ಹಳೆಯ ಟೈರು. ಜಪಾನಿ ಮೂಲದ ಈ ಕಾರಿನಲ್ಲಿ 13ಕ್ಕೆ ಕೆಲಸ ಕಡಿಮೆ, ಆದರೂ ಪಕ್ಕದ ಮನೆಯಲ್ಲಿ ಕೇಳಿದಾಗ ಸಿಗುವುದು 13 ಮಾತ್ರ. ಸ್ಟ್ಯಾಂಡ್ ಇಲ್ಲದವರು ಸೈಜುಗಲ್ಲು, ಮರದ ದಿಮ್ಮಿ ಬಳಸಬಹುದು. ಸಿಮೆಂಟಿನ ಹಾಲೋ ಬ್ಲಾಕ್ ಸಲ್ಲದು. ಅದು ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತದೆ. ಬರೀ ಜಾಕನ್ನು ನಂಬಿ ಕಾರಿನಡಿ ತೂರಬೇಡಿ. ಇಡೀ ಕೈಪಿಡಿಯಲ್ಲಿ ನಗಬಾರದ ವಾಕ್ಯ ಇದೊಂದೇ.

ಎಂಜಿನ್ ಎತ್ತಲು ಕ್ರೇನ್ ಬೇಕು, ಚೈನ್ ಪುಲ್ಲಿ ಬೇಕು ಎಂದು ಯಾರಾದರೂ ಹೇಳುತ್ತಾರೆ. ಆಗ ಎಲ್ಲರ ಕಣ್ಣೂ ಹಲಸಿನ ಕೊಂಬೆಯತ್ತ ಹೋಗಿ, ಅಲ್ಲಿಂದ ಸಜ್ಜಕ್ಕೆ ಇಳಿದು, ಕಡೆಗೆ ಹಜಾರದ ಉಯ್ಯಾಲೆ ಕೊಕ್ಕೆಯ ಮೇಲೆ ನಿಲ್ಲುತ್ತದೆ. ಬೇಡ. ಎಂಜಿನ್ ಎತ್ತುವ ಪ್ರಶ್ನೆಯೇ ಇಲ್ಲ. ಅದು ಇದ್ದಲ್ಲೇ ಇರಲಿ, ಕಾರು ಅದನ್ನು ಬಿಟ್ಟು ಹೋಗಲಿ.

ಕ್ರಮ: ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಿ: ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ದೀಪಾವಳಿ. ಪೆಟ್ರೋಲ್ ಬಸಿದು ದೂರ ಒಯ್ಯಿರಿ, ಆಮೇಲಷ್ಟೇ ಗ್ರೈಂಡರ್ ಹೊರಗೆ ತೆಗೆಯಿರಿ. ರೇಡಿಯೇಟರಿನ ಕೂಲೆಂಟ್ ಸಿಹಿ. ಬೀದಿನಾಯಿ ನೆಕ್ಕಿದರೆ ಅದರ ಮೂತ್ರಪಿಂಡ ಹೋಗುತ್ತದೆ, ಆದ್ದರಿಂದ ಮೋರಿಗೂ ಬೇಡ, ತುಳಸಿಕಟ್ಟೆಗೂ ಬೇಡ. ಎಂಜಿನ್ ಆಯಿಲ್ ಬಗ್ಗೆ ಚಿಂತೆ ಬೇಡ. ಬೇಲಿಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಬೇಕೆಂದು ಯಾರೋ ಕ್ಯಾನ್ ಹಿಡಿದು ಆಗಲೇ ಗೇಟಿನಲ್ಲಿ ನಿಂತಿರುತ್ತಾರೆ. "ಎಂಜಿನ್ ಬೋರಿಗೆ ಬಂದಿದ್ಯಾ ಸಾರ್?" ಎಂದು ಕೇಳುವವರು ಅವರೇ. ಹೌದೆನ್ನಿ. ಇಲ್ಲವೆಂದರೆ ಸ್ಟಾರ್ಟ್ ಮಾಡಿ ತೋರಿಸಿ ಎನ್ನುತ್ತಾರೆ.

ಹೋಸು, ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು, ವೈರು, ಗೇರಿನ ಕಂಬಿ, ಸೈಲೆನ್ಸರ್ ಪೈಪು, ಯಾವುದು ಬಿಚ್ಚುತ್ತದೋ ಬಿಚ್ಚಿ, ಬಿಚ್ಚದ್ದನ್ನು ಕತ್ತರಿಸಿ.

ಈಗ ಚಕ್ರದ ನಡುವಿನ ದೊಡ್ಡ ನಟ್ಟು. ನೆರೆದವರೆಲ್ಲ ಅದನ್ನು ಬಿಚ್ಚಲೇಬೇಕೆಂದು ಪಟ್ಟು ಹಿಡಿಯುತ್ತಾರೆ. ಒಬ್ಬರು ಪಾನಾದ ಹಿಡಿಗೆ ಜಿಐ ಪೈಪ್ ತೊಡಿಸುತ್ತಾರೆ, ಇನ್ನೊಬ್ಬರು ಅದರ ಮೇಲೆ ಹತ್ತಿ ನಿಲ್ಲುತ್ತಾರೆ, ಮೂರನೆಯವರು ತಮ್ಮ ಭಾವನೆಂಟನಿಗೆ ಫೋನ್ ಮಾಡುತ್ತಾರೆ. ತಾವು ಆ ನಟ್ಟನ್ನು ಬಿಚ್ಚಬೇಡಿ. ಚಕ್ರದ ಬೇರಿಂಗನ್ನು ಬಿಗಿಹಿಡಿದಿರುವುದು ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬರುವ ಶಾಫ್ಟಿನ ತುದಿಯ ಆ ನಟ್ಟೇ. ಅದಿಲ್ಲದೆ ಕಾರು ತಳ್ಳಿದರೆ ಬೇರಿಂಗ್ ಬಿಚ್ಚಿಕೊಂಡು ಚಕ್ರ ವಾಲುತ್ತದೆ. ಶಾಫ್ಟಿನ ಆ ತುದಿ ಚಕ್ರದಲ್ಲೇ ಇರಲಿ. ಬಾಲ್ ಜಾಯಿಂಟ್ ಬಿಡಿಸಿ, ಚಕ್ರದ ಜೋಡಣೆಯನ್ನು ಹೊರಕ್ಕೆ ಎಳೆದು, ಶಾಫ್ಟಿನ ಒಳತುದಿಯನ್ನು ಗೇರ್‌ಬಾಕ್ಸಿನಿಂದ ಹಾರೆಯಲ್ಲಿ ಮೀಟಿ ತೆಗೆಯಿರಿ. ತೆಗೆದೊಡನೆ ಆ ತೂತಿನಿಂದ ಗೇರ್ ಆಯಿಲ್ ತಮ್ಮ ತೋಳಿನವರೆಗೆ ಇಳಿಯುತ್ತದೆ. ಇದರ ವಾಸನೆ ಯಾವ ಸೋಪಿಗೂ ಜಗ್ಗುವುದಿಲ್ಲ. ಮೊದಲೇ ಬಸಿದಿದ್ದರೆ ಕಡಿಮೆ ಇಳಿಯುತ್ತದೆ, ಆದರೆ ಮೊದಲೇ ಬಸಿದವರನ್ನು ಕಂಡವರಿಲ್ಲ.

ಎಂಜಿನ್ನಿನಡಿ ಟೈರುಗಳನ್ನು ತುರುಕಿ, ಭಾರ ಅವುಗಳ ಮೇಲೆ ಕೂತ ಮೇಲೆ ಮೌಂಟಿಂಗ್ ಬೋಲ್ಟು ತೆಗೆಯಿರಿ. ಬಂಪರ್, ಗ್ರಿಲ್, ರೇಡಿಯೇಟರ್ ತೆಗೆದು, ಮುಂದಿನ ತಗಡನ್ನು ಮೇಲೂ ಕೆಳಗೂ ಗ್ರೈಂಡರಿನಲ್ಲಿ ಕೊಯ್ಯಿರಿ. ಸ್ಟೆಬಿಲೈಸರ್ ಬಾರ್, ಬಾಗಿಲು, ಸೀಟು ಬಿಚ್ಚಿ. ಹೊಸತಾಗಿದ್ದಾಗ ಈ ಕಾರಿನ ತೂಕ ಸುಮಾರು 650 ಕಿಲೋ. ಎಂಜಿನ್, ಬಾಗಿಲು, ಸೀಟು ಹೋದ ಮೇಲೆ ಮೂತಿ ಹಗುರ. ಅಲ್ಲಿಯವರೆಗೆ ಸಲಹೆ ಕೊಡುತ್ತಿದ್ದವರಲ್ಲಿ ಆರು ಜನರನ್ನು ಆರಿಸಿ ಎರಡೂ ಬದಿಗೆ ನಿಲ್ಲಿಸಿ. ಹಿಂದಿನ ಕಲ್ಲು ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು, ಮೂತಿ ಎತ್ತಿ ಕಾರನ್ನು ಹಿಂದಕ್ಕೆ ನಡೆಸಿ. ಕೆಳಗೆ ಯಾರೂ ಇರಬಾರದು, ಎತ್ತಿದವರಿಗೆ ನಡುವೆ ಫೋನ್ ಬರಬಾರದು.

ಕಾಫಿ ಕೊಡಿ. ಬಾಲ್ ಜಾಯಿಂಟ್, ಬಾರ್ ಮತ್ತೆ ಸಿಕ್ಕಿಸಿದರೆ ಬಾಡಿ ತನ್ನ ಚಕ್ರದ ಮೇಲೇ ಗೇಟಿನವರೆಗೆ ಉರುಳುತ್ತದೆ. ಗುಜರಿಯವನು ಎಲ್ಲಕ್ಕೂ ಸೇರಿ ಒಂದೇ ರೇಟು ಹೇಳುತ್ತಾನೆ. ಗೇರ್‌ಬಾಕ್ಸಿನ ಕವಚ ಅಲ್ಯೂಮಿನಿಯಂ, ವೈರಿನೊಳಗೆ ತಾಮ್ರ, ಬ್ಯಾಟರಿಯಲ್ಲಿ ಸೀಸ. ಇವನ್ನು ಕಬ್ಬಿಣದ ಜೊತೆ ತೂಗಲು ಬಿಡಬೇಡಿ. ತಕ್ಕಡಿಗೆ ಏರಿಸುವ ಮುನ್ನ ಒಳಗೆ ಉಳಿದ ಆಯಿಲನ್ನು ಪೂರ್ತಿ ಬಸಿಯಿರಿ ಎಂದು ಅವನು ಪರಿಸರದ ಹೆಸರು ಹೇಳಿ ಒತ್ತಾಯಿಸುತ್ತಾನೆ. ಆಯಿಲಿಗೂ ತೂಕವಿದೆ.